ಸತ್ತವರಿಗೆ ಒಂದಿಷ್ಟು ನೆಲ

(ಚೆನ್ನೈಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ನಾನು ಆರಿಸಿಕೊಂಡ ವಿಷಯವನ್ನು ಕೇಳಿದಾಗ ನಮ್ಮ ಕಾರ್ಯದರ್ಶಿಗಳು ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಹಬ್ಬದ ತಿಂಗಳು, ಸ್ವಲ್ಪ ಮಂಗಳಕರವಾದದ್ದು ಯಾವುದಾದರೂ ಇದ್ದರೆ ನೋಡಿ ಸ್ವಾಮಿ" ಎಂದರು. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಸ್ಮಶಾನದ ಮಾತನ್ನು ಮನೆಯೊಳಗೆ ಆಡಬಾರದೆಂದು ನಮ್ಮನ್ನು ಬೆಳೆಸಿದ್ದಾರೆ. ಆದರೆ ಮನೆಯೊಳಗೆ ಆಡಬಾರದ ಮಾತನ್ನು ಸಂಘದಲ್ಲಿಯೂ ಆಡದಿದ್ದರೆ ಅದನ್ನು ಆಡಲು ಬೇರೆ ಸ್ಥಳವಿಲ್ಲ. ಸಾವು ಬಂದ ದಿನ ಯಾರಿಗೂ ಚರ್ಚಿಸುವ ವ್ಯವಧಾನವಿರುವುದಿಲ್ಲ. ಆದುದರಿಂದ ಸಾವಿಲ್ಲದ ದಿನ, ಹೀಗೆ ನೆಮ್ಮದಿಯಾಗಿ ಕುಳಿತಿರುವಾಗಲೇ ಇದನ್ನು ಯೋಚಿಸಬೇಕೆಂದು ನನ್ನ ವಿನಂತಿ.

ಈ ವಿಷಯ ನನ್ನ ತಲೆಯೊಳಗೆ ಹೊಕ್ಕದ್ದು ಒಂದು ಸಾವಿನಿಂದಲೇ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲಿದ್ದ ಲಿಂಗವಂತ ಹಿರಿಯರೊಬ್ಬರು ತೀರಿಕೊಂಡರು. ತುಮಕೂರು ಸೀಮೆಯವರು; ನಲವತ್ತು ವರ್ಷ ಈ ಊರಿನಲ್ಲಿಯೇ ದುಡಿದು, ಇಲ್ಲಿಯೇ ಮನೆ ಕಟ್ಟಿಕೊಂಡು, ತಮಿಳನ್ನು ತಮಿಳರಷ್ಟೇ ಚೆನ್ನಾಗಿ ಮಾತನಾಡುತ್ತಿದ್ದವರು. ಅವರ ಸಂಪ್ರದಾಯದಲ್ಲಿ ದೇಹವನ್ನು ಸುಡುವುದಿಲ್ಲ. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಬಿಲ್ವಗಳೊಡನೆ, ಕುಳಿತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ. ಅವರ ಮಗ ಒಂದು ಸಾರ್ವಜನಿಕ ರುದ್ರಭೂಮಿಗೆ ಹೋಗಿ ಕೇಳಿದ. ಅಲ್ಲಿನ ಗುಣಿಗಳೆಲ್ಲ ಮಲಗಿಸುವ ಅಳತೆಯವು: ಉದ್ದ ಆರಡಿ, ಆಳ ಕಡಿಮೆ. ಕುಳ್ಳಿರಿಸಲು ಉದ್ದ ಬೇಡ, ಆಳ ಬೇಕು. "ಅಷ್ಟು ಆಳ ತೋಡಿದರೆ ನೀರು ಬರುತ್ತದೆ, ಪಕ್ಕದ ಗೋರಿಯೂ ಕುಸಿಯುತ್ತದೆ" ಎಂದರು ಅಲ್ಲಿಯವರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸಮುದ್ರದ ಮಗ್ಗುಲಿನ ಊರು ಇದು. ಇನ್ನೊಂದು ಕಡೆ, "ನಿಮ್ಮವರಿಗೆಂದು ಇಲ್ಲಿ ಜಾಗವಿಲ್ಲ" ಎಂಬ ಉತ್ತರ ಬಂತು. ಕೊನೆಗೆ ಸಂಜೆಯ ಹೊತ್ತಿಗೆ ಶವವನ್ನು ವಾಹನದಲ್ಲಿಟ್ಟುಕೊಂಡು, ರಾತ್ರಿಯಿಡೀ ಪಯಣಿಸಿ, ಹುಟ್ಟಿದೂರಿನ ಹೊಲದ ಬದುವಿಗೆ ಒಯ್ದರು. ಅವರ ಹೆಂಡತಿ ಗಾಡಿ ಹತ್ತುವಾಗ ಒಂದು ಮಾತು ಹೇಳಿದರು: "ನಲವತ್ತು ವರ್ಷ ಇಲ್ಲಿದ್ದರೂ ಇವರು ಇಲ್ಲಿಯವರಾಗಲಿಲ್ಲವಲ್ಲ." ಆ ಮಾತಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಹೊರನಾಡಿನಲ್ಲಿ ನೆಲೆಸುವುದೆಂದರೆ ಏನು? ಪಡಿತರ ಚೀಟಿ, ಮತದಾರರ ಪಟ್ಟಿ, ಮಕ್ಕಳ ಶಾಲೆ, ಸಂಘದ ಸದಸ್ಯತ್ವ, ರಾಜ್ಯೋತ್ಸವದ ದಿನ ಒಂದು ಧ್ವಜ. ಇವೆಲ್ಲ ಬದುಕಿರುವವರ ಲೆಕ್ಕ. ಒಂದು ಜನಸಮುದಾಯ ಒಂದು ಊರಿನಲ್ಲಿ ನಿಜವಾಗಿ ಬೇರೂರಿದೆಯೆಂದು ತಿಳಿಯಬೇಕಾದರೆ ಅದರ ಸತ್ತವರು ಎಲ್ಲಿದ್ದಾರೆ, ಅವರನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಬೇಕು. ಈ ಪ್ರಶ್ನೆಯನ್ನು ಹಿಡಿದು ನೋಡಿದರೆ ಚೆನ್ನೈ ಒಂದು ದೊಡ್ಡ ಪಾಠಶಾಲೆ. ನಮಗಿಂತ ಮೊದಲೇ ಬಂದ ಹೊರನಾಡಿನವರು ಇಲ್ಲಿ ಹಲವರಿದ್ದರು. ಕೆಲವರು ಈಗ ಇಲ್ಲ; ಅವರ ಗೋರಿಗಳು ಇವೆ.

ಪಾರಿಸ್ ಕಾರ್ನರಿನ ಗದ್ದಲದ ನಡುವೆ ಅರ್ಮೇನಿಯನ್ ಬೀದಿ ಇದೆಯಷ್ಟೆ. ಅಲ್ಲಿನ ಅರ್ಮೇನಿಯನ್ ಚರ್ಚು 1712ರಲ್ಲಿ ಮೊದಲು ಕಟ್ಟಿದ್ದು. ಈಗಿರುವ ಕಟ್ಟಡ 1772ರದು. ಒಳಗೆ ಕಾಲಿಟ್ಟರೆ ಹೊರಗಿನ ಬೀದಿಯೇ ಮರೆತುಹೋಗುತ್ತದೆ. ಅಂಗಳದ ನೆಲವೆಲ್ಲ ಗೋರಿಗಲ್ಲುಗಳು, ಮುನ್ನೂರೈವತ್ತರ ಸಮೀಪ. ಅವುಗಳಲ್ಲಿ ಒಂದು ಹಾರುತ್ಯುನ್ ಶ್ಮಾವೋನ್ಯಾನ್ ಎಂಬ ಪಾದ್ರಿಯದು. ಈ ಪಾದ್ರಿ 1794ರಲ್ಲಿ ಇದೇ ಮದರಾಸಿನಿಂದ 'ಅಜ್ದರಾರ್' ಎಂಬ ಪತ್ರಿಕೆಯನ್ನು ಹೊರತಂದರು. ಅರ್ಮೇನಿಯನ್ ಭಾಷೆಯಲ್ಲಿ ಪ್ರಪಂಚದಲ್ಲಿಯೇ ಮೊತ್ತಮೊದಲ ಪತ್ರಿಕೆ ಅದು. ಒಂದು ಭಾಷೆಯ ಮೊದಲ ಪತ್ರಿಕೆ ಆ ಭಾಷೆಯ ನಾಡಿನಲ್ಲಿ ಹುಟ್ಟದೆ ಸಾವಿರಾರು ಮೈಲಿ ಆಚೆಯ ಹೊರನಾಡಿನಲ್ಲಿ ಹುಟ್ಟಿತು! ಹೊರನಾಡಿನಲ್ಲಿ ತ್ರೈಮಾಸಿಕವೊಂದನ್ನು ನಡೆಸುವ ಕಷ್ಟವನ್ನು ಬಲ್ಲ ನಾವು ಆ ಕಲ್ಲಿನ ಮುಂದೆ ಒಂದು ನಿಮಿಷ ನಿಲ್ಲಬೇಕು. ಇಂದು ಈ ಊರಿನಲ್ಲಿ ಅರ್ಮೇನಿಯನ್ ಸಮುದಾಯವೆಂದು ಹೇಳುವಂತಹದು ಉಳಿದಿಲ್ಲ. ಆದರೂ ಆ ಅಂಗಳದಲ್ಲಿ ಕಳೆ ಬೆಳೆದಿಲ್ಲ, ಗಂಟೆಗೋಪುರ ಬಿದ್ದಿಲ್ಲ. ಕಲ್ಕತ್ತೆಯ ಅರ್ಮೇನಿಯನ್ ಚರ್ಚಿನ ಸಮಿತಿ ಅದನ್ನು ಸಾಕುತ್ತ ಬಂದಿದೆ. ಜನ ಹೋದ ಮೇಲೂ ಏರ್ಪಾಡು ಉಳಿಯಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ.

ಅದೇ ಜನರಲ್ಲಿ ಖೋಜಾ ಪೆಟ್ರಸ್ ಉಸ್ಕಾನ್ ಎಂಬ ವರ್ತಕನಿದ್ದ. ಸೈದಾಪೇಟೆಯಲ್ಲಿ ಅಡಯಾರ್ ನದಿಗೆ ಮೊದಲ ಸೇತುವೆ ಕಟ್ಟಿಸಿದವನು ಅವನೇ, 1726ರಲ್ಲಿ. ಪರಂಗಿಮಲೆಯ ಮೆಟ್ಟಿಲುಗಳೂ ಅವನ ಕೊಡುಗೆ. 1751ರಲ್ಲಿ ಅವನು ತೀರಿಕೊಂಡಾಗ ದೇಹವನ್ನು ವೇಪೇರಿಯಲ್ಲಿ ಹೂಳಿದರು. ಹೃದಯವನ್ನು ಮಾತ್ರ, ಅವನ ಇಚ್ಛೆಯಂತೆ, ಪರ್ಷಿಯಾದ ಜುಲ್ಫಾ ಎಂಬ ತವರೂರಿಗೆ ಕಳುಹಿಸಿದರು. ಹೊರನಾಡಿನವನ ಬದುಕಿನ ಇಬ್ಬಂದಿಯನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಕಥೆಯನ್ನು ನಾನು ಕೇಳಿಲ್ಲ. ನಮ್ಮ ತುಮಕೂರಿನ ಹಿರಿಯರಿಗೆ ಆ ಆಯ್ಕೆಯೂ ಇರಲಿಲ್ಲ. ಪೂರ್ತಿ ದೇಹವನ್ನೇ ಹಿಂದಕ್ಕೆ ಒಯ್ಯಬೇಕಾಯಿತು.

ಎಲ್ಲರಿಗೂ ಅರ್ಮೇನಿಯನ್ನರ ಅದೃಷ್ಟವಿರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಹವಳ ಮತ್ತು ವಜ್ರದ ವ್ಯಾಪಾರಕ್ಕಾಗಿ ಬಂದ ಯಹೂದಿ ವರ್ತಕರು ಇಲ್ಲಿ ನೆಲೆಸಿದ್ದರು. ಇಂದಿಗೂ ಜಾರ್ಜ್ ಟೌನಿನಲ್ಲಿರುವ ಹವಳ ವರ್ತಕರ ಬೀದಿ ಅವರ ನೆನಪನ್ನು ಹೆಸರಿನಲ್ಲಿ ಉಳಿಸಿಕೊಂಡಿದೆ. ಅವರಲ್ಲಿ ಮುಂದಾಳಾಗಿದ್ದ ಜಾಕ್ ದ ಪೈವಾ 1687ರಲ್ಲಿ ತೀರಿಕೊಂಡ. ಅವರ ಸ್ಮಶಾನ ಮೊದಲು ಮಿಂಟ್ ಬೀದಿಯ ಬಳಿ ಇತ್ತು. ಊರು ಬೆಳೆದಂತೆ ಅಲ್ಲಿಂದ ಎದ್ದಿತು, ಕಾಸಿಮೇಡಿಗೆ ಹೋಯಿತು, ಅಲ್ಲಿಂದಲೂ ಎದ್ದು 1983ರಲ್ಲಿ ಲಾಯ್ಡ್ಸ್ ರಸ್ತೆಯ, ಎಂದರೆ ಇಂದಿನ ಅವ್ವೈ ಷಣ್ಮುಗಂ ಸಾಲೈಯ, ಒಂದು ಸಣ್ಣ ಆವರಣಕ್ಕೆ ಬಂತು. ಬದುಕಿದ್ದಾಗ ದೇಶದಿಂದ ದೇಶಕ್ಕೆ ಅಲೆದವರು ಸತ್ತ ಮೇಲೆ ಬೀದಿಯಿಂದ ಬೀದಿಗೆ ಅಲೆಯಬೇಕಾಯಿತು. ಕಲ್ಲುಗಳಿಗೆ ದನಿಯೆತ್ತುವ ಜನ ಇಲ್ಲಿ ಕೆಲವೇ ಮಂದಿ ಉಳಿದಿದ್ದರು ಎಂಬುದನ್ನು ಬಿಟ್ಟು ಬೇರೆ ಕಾರಣ ನನಗೆ ತೋರುವುದಿಲ್ಲ.

ಆಳುವವರ ಸತ್ತವರಿಗಾದರೂ ಶಾಶ್ವತ ನೆಲೆ ಇತ್ತೆ ಎಂದರೆ ಅದೂ ಇಲ್ಲ. ಕೋಟೆಯ ಹೊರಗೆ, ಈಗಿನ ಲಾ ಕಾಲೇಜಿನ ಆವರಣದಲ್ಲಿ, ಇಂಗ್ಲಿಷರ ಮೊದಲ ಸ್ಮಶಾನವಿತ್ತು. 1758-59ರಲ್ಲಿ ಫ್ರೆಂಚರು ಮುತ್ತಿಗೆ ಹಾಕಿದಾಗ ಆ ಗೋರಿಗಳೇ ಶತ್ರುಗಳಿಗೆ ಮರೆಯಾದವು. ಮುತ್ತಿಗೆ ಮುಗಿದ ಮೇಲೆ ಇಂಗ್ಲಿಷರು ತಮ್ಮ ಹಿರಿಯರ ಗೋರಿಗಳನ್ನು ತಾವೇ ನೆಲಸಮ ಮಾಡಿ, ಬರೆಹವಿದ್ದ ಕಲ್ಲುಗಳನ್ನು ಕೋಟೆಯೊಳಗಿನ ಸೇಂಟ್ ಮೇರಿ ಚರ್ಚಿನ ಸುತ್ತ ಹಾಸಿದರು. ಇಂದು ಆ ಚರ್ಚಿಗೆ ಹೋಗುವವರು ಹೆಸರುಗಳ ಮೇಲೆ ನಡೆದು ಹೋಗುತ್ತಾರೆ. ಆ ಹೆಸರಿನವರು ಆ ಕಲ್ಲುಗಳ ಕೆಳಗಿಲ್ಲ. ಹಳೆಯ ಸ್ಮಶಾನದಲ್ಲಿ ಉಳಿದುಕೊಂಡದ್ದು ಜೋಸೆಫ್ ಹಿನ್ಮರ್ಸ್ ಎಂಬವನ ಮತ್ತು ಗವರ್ನರ್ ಎಲಿಹು ಯೇಲನ ಎಳೆಯ ಮಗ ಡೇವಿಡನ ಗೋರಿ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಈ ಸ್ಮಾರಕವನ್ನೂ ವಾಹನ ನಿಲುಗಡೆಯ ಸಲುವಾಗಿ ಸ್ಥಳಾಂತರಿಸಬೇಕೆ ಎಂಬ ಪ್ರಶ್ನೆ 2023ರಲ್ಲಿ ಹೈಕೋರ್ಟಿನ ಮುಂದೆ ಬಂತು. ಮುನ್ನೂರು ವರ್ಷದ ಗೋರಿಗೂ ಮೋಟಾರು ಬಂಡಿಗೂ ನಡುವಿನ ವ್ಯಾಜ್ಯ!

ಈ ಮೂರು ಉದಾಹರಣೆಗಳಿಂದ ನನಗೆ ತೋರಿದ್ದನ್ನು ಹೇಳುತ್ತೇನೆ. ಸ್ಮಶಾನದ ವಿಷಯದಲ್ಲಿ ನಾವು ಮೂರು ಸಂಗತಿಗಳನ್ನು ಒಂದರೊಳಗೊಂದು ಕಲೆಸಿಬಿಡುತ್ತೇವೆ. ಮೊದಲನೆಯದು, ಹೂಳಿಸಿಕೊಳ್ಳುವ ಹಕ್ಕು. ಎರಡನೆಯದು, ಹೂಳಿದ ಕಡೆ ಉಳಿಯುವ ಹಕ್ಕು. ಮೂರನೆಯದು, ನೋಡಿಕೊಳ್ಳುವ ಹೊಣೆ. ಮೊದಲಿನದು ಸರ್ಕಾರ ಮತ್ತು ನ್ಯಾಯಾಲಯಗಳ ಕೆಲಸ. ಎರಡನೆಯದು ಊರಿನ ಮತ್ತು ಸಮುದಾಯದ ನಡುವಿನ ಒಪ್ಪಂದ. ಮೂರನೆಯದು ಪೂರ್ತಿಯಾಗಿ ನಮ್ಮದೇ.

ಮೊದಲ ಹಕ್ಕು ಎಷ್ಟು ದುರ್ಬಲವೆಂಬುದನ್ನು ಈ ನಗರ 2020ರ ಏಪ್ರಿಲಿನಲ್ಲಿ ಕಂಡಿತು. ನರರೋಗ ಶಸ್ತ್ರವೈದ್ಯರಾದ ಡಾ. ಸೈಮನ್ ಹರ್ಕ್ಯುಲಿಸ್ ಕೊರೋನಾ ಸೋಂಕಿನಿಂದ ತೀರಿಕೊಂಡರು. ಅವರನ್ನು ಕಿಲ್ಪಾಕಿನ ಸ್ಮಶಾನದಲ್ಲಿ ಹೂಳಲು ಜನ ಬಿಡಲಿಲ್ಲ. ಅಣ್ಣಾನಗರದ ವೇಲಂಗಾಡಿಗೆ ಒಯ್ದರೆ ಅಲ್ಲಿ ಕಲ್ಲು ದೊಣ್ಣೆಗಳ ಏಟು ಬಿದ್ದವು. ಶವವಾಹನದ ಗಾಜು ಒಡೆಯಿತು, ಚಾಲಕರಿಗೆ ಗಾಯವಾಯಿತು. ನಡುರಾತ್ರಿ ಪೋಲೀಸರ ಕಾವಲಿನಲ್ಲಿ ಮತ್ತೆ ಹೋಗಿ, ಅವರ ಸಹೋದ್ಯೋಗಿ ವೈದ್ಯರೊಬ್ಬರು ತಮ್ಮ ಕೈಯಿಂದಲೇ ಮಣ್ಣು ಎಳೆದು ಗುಣಿ ಮುಚ್ಚಿದರು. ಮದರಾಸು ಹೈಕೋರ್ಟು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡು, ಸಂವಿಧಾನದ 21ನೆಯ ವಿಧಿ ಕೊಡುವ ಜೀವಿಸುವ ಹಕ್ಕಿನಲ್ಲಿ ಗೌರವದ ಶವಸಂಸ್ಕಾರದ ಹಕ್ಕೂ ಅಡಕವಾಗಿದೆ ಎಂದಿತು. ಅದೇ ತಿಂಗಳು ತಮಿಳುನಾಡು ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, ಸಾಂಕ್ರಾಮಿಕದಿಂದ ಸತ್ತವರ ಸಂಸ್ಕಾರಕ್ಕೆ ಅಡ್ಡಿಪಡಿಸುವುದನ್ನು ಒಂದರಿಂದ ಮೂರು ವರ್ಷದ ಸೆರೆವಾಸಕ್ಕೆ ಗುರಿಯಾದ ಅಪರಾಧವನ್ನಾಗಿ ಮಾಡಿತು. ಸತ್ತವನಿಗೂ ಘನತೆಯುಂಟೆಂಬ ಮಾತನ್ನು ಸುಪ್ರೀಂ ಕೋರ್ಟು 1995ರ ಪರಮಾನಂದ ಕಟಾರಾ ಪ್ರಕರಣದಲ್ಲಿಯೂ, ದಿಕ್ಕಿಲ್ಲದ ಬೀದಿಯ ಜನರ ವಿಷಯವಾಗಿ 2002ರಲ್ಲಿಯೂ ಹೇಳಿತ್ತು. ಕಾನೂನು ಬಹಳ ಹಿಂದೆಯೇ ಇತ್ತು. ಜನರ ಮನಸ್ಸಿಗೆ ಅದು ಇಳಿದಿರಲಿಲ್ಲ.

ಸೋಂಕಿನ ಭಯ ಬಂದು ಹೋಗುವಂತಹದು. ಹೋಗದೆ ಉಳಿದಿರುವ ಭಯ ಜಾತಿಯದು. 2019ರಲ್ಲಿ ವಾಣಿಯಂಬಾಡಿಯ ಬಳಿ, ದಾರಿ ಬಿಡದ ಕಾರಣ, ದಲಿತರು ತಮ್ಮವರ ಶವವನ್ನು ಪಾಲಾರ್ ನದಿಯ ಸೇತುವೆಯ ಮೇಲಿಂದ ಹಗ್ಗಕ್ಕೆ ಕಟ್ಟಿ ಕೆಳಗಿಳಿಸಿದ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ತಿರುಚಿರಾಪಳ್ಳಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಉಳಿದವರ ಗೋರಿಗಳಿಂದ ಬೇರ್ಪಡಿಸುವ ಗೋಡೆಯೇ ಎದ್ದಿತು. ತಮಿಳರನ್ನು ಬೊಟ್ಟುಮಾಡಿ ತೋರಿಸಿ ನಾವು ನುಣುಚಿಕೊಳ್ಳುವಂತಿಲ್ಲ. ಕರ್ನಾಟಕದಲ್ಲಿ ಸ್ಮಶಾನಕ್ಕೆ ನೆಲವೇ ಇಲ್ಲದ ಹಳ್ಳಿಗಳಿಗೆ ನೆಲ ಒದಗಿಸಬೇಕೆಂದು ಅಲ್ಲಿನ ಹೈಕೋರ್ಟು 2019ರಲ್ಲಿ ಆದೇಶ ಮಾಡಬೇಕಾಯಿತು, ಮತ್ತೆ ಮತ್ತೆ ನೆನಪಿಸಬೇಕಾಯಿತು. ನೆಲವಿಲ್ಲದ ಹಳ್ಳಿಗಳಲ್ಲಿ ಆ ಕೊರತೆ ಮೊದಲು ತಟ್ಟುವುದು ಸ್ವಂತ ಹೊಲವಿಲ್ಲದವರಿಗೆ. ಹೊಲವಿದ್ದವನು ತನ್ನ ಬದುವಿನಲ್ಲಿ ಮಲಗುತ್ತಾನೆ. ಇಲ್ಲದವನು ಹೊಳೆಯ ದಂಡೆಯಲ್ಲಿ, ರಸ್ತೆಯ ಅಂಚಿನಲ್ಲಿ.

2025ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಛತ್ತೀಸಗಢದ ಒಂದು ಪ್ರಕರಣವನ್ನು ನೀವು ಓದಿರಬಹುದು. ಬಸ್ತಾರಿನ ಛಿಂದವಾಡ ಎಂಬ ಹಳ್ಳಿಯ ಕ್ರೈಸ್ತ ಪಾದ್ರಿಯೊಬ್ಬರ ಶವ ಊರಿನವರ ವಿರೋಧದಿಂದ ಜನವರಿ 7ರಿಂದ ಶವಾಗಾರದಲ್ಲಿಯೇ ಇತ್ತು. ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನಮತ ಬಂತು. ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಕುಟುಂಬದ ಸ್ವಂತ ಜಮೀನಿನಲ್ಲಿ ಹೂಳಲು ಬಿಡಬೇಕೆಂದರು. ಇನ್ನೊಬ್ಬ ನ್ಯಾಯಮೂರ್ತಿಗಳು ಗೊತ್ತುಪಡಿಸಿದ ಸ್ಮಶಾನದಲ್ಲಿಯೇ ಆಗಬೇಕೆಂದರು. ದೊಡ್ಡ ಪೀಠಕ್ಕೆ ಕಳುಹಿಸಿದರೆ ಶವ ಇನ್ನೂ ಕಾಯಬೇಕು. ಆದ್ದರಿಂದ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರು ದೂರದ ಕರ್ಕಪಾಲಿನ ಕ್ರೈಸ್ತ ಸ್ಮಶಾನದಲ್ಲಿ ಹೂಳಬೇಕೆಂದು ಜನವರಿ 27ರಂದು ಇಬ್ಬರೂ ಸೇರಿ ಆದೇಶಿಸಿದರು. ಹುಟ್ಟಿದ ಊರಿನಲ್ಲಿ ಮಣ್ಣಾಗುವ ಹಕ್ಕು ಇದೆಯೆ ಇಲ್ಲವೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಇನ್ನು ಎರಡನೆಯದು, ಉಳಿಯುವ ಹಕ್ಕು. ಇಲ್ಲಿ ನಾವು ಭಾವುಕರಾಗದೆ ಯೋಚಿಸಬೇಕು. ಚೆನ್ನೈಯ ಕ್ರೈಸ್ತರ ಕಿಲ್ಪಾಕ್ ಮತ್ತು ಕಾಸಿಮೇಡು ಸ್ಮಶಾನಗಳನ್ನು ನೋಡಿಕೊಳ್ಳಲು ಎರಡೂ ಪಂಗಡದವರು, ಕ್ಯಾಥೊಲಿಕರು ಮತ್ತು ಪ್ರಾಟೆಸ್ಟಂಟರು, ಸೇರಿದ ಒಂದು ಮಂಡಳಿಯಿದೆ. ಬದುಕಿರುವಾಗ ಬೇರೆ ಬೇರೆ ಚರ್ಚುಗಳಿಗೆ ಹೋಗುವವರು ಸತ್ತ ಮೇಲಿನ ಏರ್ಪಾಡಿಗೆ ಒಂದೇ ಮೇಜಿನ ಸುತ್ತ ಕುಳಿತಿದ್ದಾರೆ, ಇದು ಅನುಕರಣೀಯ. ಆದರೆ ಅವರ ಮುಂದಿರುವ ಲೆಕ್ಕ ಕಠಿಣವಾದದ್ದು. ನೆಲ ಬೆಳೆಯುವುದಿಲ್ಲ, ಸಾವು ನಿಲ್ಲುವುದಿಲ್ಲ. ಕಿಲ್ಪಾಕ್ ಬಹುಕಾಲದ ಹಿಂದೆಯೇ ತುಂಬಿಹೋಗಿದೆ. ಹೀಗಾಗಿ ಒಂದು ಕುಟುಂಬದ ಗೋರಿಯನ್ನು ನಿಗದಿತ ಕಾಲದ ಮೇಲೆ ತೆರೆದು ಅದೇ ಕುಟುಂಬದ ಇನ್ನೊಬ್ಬರನ್ನು ಅಲ್ಲಿಯೇ ಹೂಳುವ ಪದ್ಧತಿ ಬಂದಿದೆ. ಈ ಅವಧಿ ಬಹುಕಾಲ ಹದಿನಾಲ್ಕು ವರ್ಷವಿತ್ತು. ಒಂದರ ಮೇಲೊಂದು ಗೂಡು ಕಟ್ಟಿ ಶವಪೆಟ್ಟಿಗೆಗಳನ್ನಿಡುವ ಏರ್ಪಾಡೂ ನಡೆಯಿತು.

ಗೋರಿಯ ಜಾಗಕ್ಕೆ ಹಣ ಕಟ್ಟಿದವರು ಆ ನೆಲ ತಮ್ಮದೆಂದು ಭಾವಿಸುತ್ತಾರೆ. ಅವರು ಕೊಂಡದ್ದು ನೆಲವನ್ನಲ್ಲ, ಆ ನೆಲದಲ್ಲಿ ಹೂಳುವ ಅನುಮತಿಯನ್ನು. ಅದನ್ನು ಮಾರಲು ಬಾರದು, ಅಡವಿಡಲು ಬಾರದು. ನಿಯಮ ಮೀರಿದರೆ, ನೋಡುವವರಿಲ್ಲದೆ ಹೋದರೆ ಅದು ಸವೆಯುತ್ತದೆ. ರಶೀದಿ ಕಳೆದುಹೋದರೆ ಅಜ್ಜನ ಗೋರಿಯೂ ಕಳೆದುಹೋಗಬಹುದು. ಮಕ್ಕಳು ಅಮೆರಿಕದಲ್ಲಿಯೋ ಆಸ್ಟ್ರೇಲಿಯಾದಲ್ಲಿಯೋ ಇರುವ ಮನೆಗಳಲ್ಲಿ ಆ ರಶೀದಿ ಯಾವ ಕಪಾಟಿನಲ್ಲಿದೆಯೆಂದು ಬಲ್ಲವರೇ ಇಲ್ಲ.

ಸತ್ತವರು ಎಂದೆಂದಿಗೂ ನೆಲವನ್ನು ಹಿಡಿದುಕೊಂಡಿರಬೇಕೆ, ಬದುಕಿರುವವರಿಗೇ ಮನೆಯಿಲ್ಲದ ಊರಿನಲ್ಲಿ ಇದು ನ್ಯಾಯವೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ನನ್ನ ಅಭಿಪ್ರಾಯ ಹೀಗಿದೆ: ಒಂದೇ ಗುಣಿಯನ್ನು ತಲೆಮಾರುಗಳು ಹಂಚಿಕೊಳ್ಳುವುದರಲ್ಲಿ ಅಗೌರವವೇನೂ ಇಲ್ಲ. ಬದುಕಿದ್ದಾಗ ಒಂದೇ ಮನೆಯಲ್ಲಿದ್ದವರು ಸತ್ತ ಮೇಲೂ ಒಂದೇ ಕಡೆ ಇರಲಿ. ಅಗೌರವ ಇರುವುದು ಹೆಸರನ್ನು ಅಳಿಸುವುದರಲ್ಲಿ. ಮಣ್ಣನ್ನು ಮತ್ತೆ ಬಳಸಬಹುದು, ಹೆಸರು ಕಲ್ಲಿನ ಮೇಲೋ ಕಾಗದದ ಮೇಲೋ ಉಳಿಯಬೇಕು. ಈ ನಗರದ ಹಲವು ಗೋರಿಬರೆಹಗಳನ್ನು ಜೂಲಿಯನ್ ಜೇಮ್ಸ್ ಕಾಟನ್ ಎಂಬ ಅಧಿಕಾರಿ ಪಟ್ಟಿಮಾಡಿ 1905ರಲ್ಲಿ ಅಚ್ಚುಹಾಕಿಸಿದ. ಕಲ್ಲು ಸವೆದ ಮೇಲೂ ಆ ಪುಸ್ತಕದಲ್ಲಿ ಹೆಸರು ಉಳಿದಿದೆ.

ಮೂರನೆಯದಾದ ನೋಡಿಕೊಳ್ಳುವ ಹೊಣೆಗೆ ಬರುತ್ತೇನೆ. ಈ ಊರಿನ ಅತ್ಯಂತ ಅಚ್ಚುಕಟ್ಟಾದ ಸ್ಮಶಾನ ಯಾವುದೆಂದರೆ ನಂದಂಬಾಕ್ಕಂನ ಯುದ್ಧಸ್ಮಶಾನ. ದಕ್ಷಿಣ ಮತ್ತು ಪೂರ್ವ ಭಾರತದ ಹಲವು ಊರುಗಳಲ್ಲಿ ಚದುರಿದ್ದ, ಶಾಶ್ವತವಾಗಿ ನೋಡಿಕೊಳ್ಳುವ ಭರವಸೆಯಿಲ್ಲದ ಸೈನಿಕರ ಗೋರಿಗಳನ್ನು ಒಂದೆಡೆ ತರಲೆಂದು 1952ರಲ್ಲಿ ಅದನ್ನು ಮಾಡಿದರು. ಎಂಟುನೂರೈವತ್ತಕ್ಕೂ ಹೆಚ್ಚು ಗೋರಿಗಳು; ಎಲ್ಲಕ್ಕೂ ಒಂದೇ ಅಳತೆಯ ಕಲ್ಲು, ಅಧಿಕಾರಿ ಸಿಪಾಯಿ ಎಂಬ ಭೇದವಿಲ್ಲ. ಹುಲ್ಲು ಕತ್ತರಿಸುವವನಿಗೆ ತಿಂಗಳು ತಿಂಗಳು ಸಂಬಳ ಬರುತ್ತದೆ, ಏಕೆಂದರೆ ಅದಕ್ಕೊಂದು ಆಯೋಗವಿದೆ, ನಿಧಿಯಿದೆ. ಮಕ್ಕಳು ಮೊಮ್ಮಕ್ಕಳು ನೆನಪಿಟ್ಟುಕೊಂಡು ಬರುತ್ತಾರೆಂಬ ನಂಬಿಕೆಯ ಮೇಲೆ ಅದು ನಿಂತಿಲ್ಲ.

ಇದು ಬಿಳಿಯರಿಂದ ಕಲಿಯಬೇಕಾದ ವಿದ್ಯೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಸಾವಿರ ವರ್ಷಗಳ ಹಿಂದೆಯೇ ಇತ್ತು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೆನೆಯಿರಿ. ಈ ಸಭೆ ನಡೆಯುತ್ತಿರುವ ನೆಲಕ್ಕೂ ಆ ಕಲ್ಲಿಗೂ ಸಂಬಂಧವಿದೆ. ಅರಕ್ಕೋಣದ ಬಳಿಯ ತಕ್ಕೋಲದಲ್ಲಿ 949ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆಯರನಿಗೆ ಏನು ಬೇಕೆಂದು ಕೇಳಿದರೆ ಅವನು ಊರು ಕೇರಿ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಆತಕೂರಿನ ಗುಡಿಯ ಮುಂದೆ ಕಲ್ಲು ನೆಡಿಸಿದರು. ಇಲ್ಲಿಯವರೆಗೆ ಇದು ಪ್ರೀತಿಯ ಕಥೆ. ಆಮೇಲೆ ಶಾಸನ ಆಡಳಿತದ ಮಾತಿಗೆ ಬರುತ್ತದೆ: ಆ ಕಲ್ಲಿನ ಪೂಜೆಗಾಗಿ ಕೆರೆಯ ಕೆಳಗೆ ಎರಡು ಖಂಡುಗ ಗದ್ದೆ ಬಿಟ್ಟರು, ಆ ಗದ್ದೆಯನ್ನು ಅನುಭವಿಸುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ ಪಾಪವೆಂದು ವಿಧಿಸಿದರು. ಎಂದರೆ ಕಲ್ಲು, ಅದಕ್ಕೆ ಆದಾಯ, ಅದಕ್ಕೊಬ್ಬ ಹೊಣೆಗಾರ, ಅವನು ತಪ್ಪಿದರೆ ಕಟ್ಟುಪಾಡು, ನಾಲ್ಕೂ ಒಂದೇ ಬರೆಹದಲ್ಲಿ. ಬೇಗೂರಿನ ವೀರಗಲ್ಲಿನಲ್ಲಿಯೂ ಮಡಿದ ನಾಗತ್ತರನ ನಿಮಿತ್ತ ಕಲ್ನಾಡು ಬಿಟ್ಟದ್ದನ್ನು ಕಾಣುತ್ತೇವೆ. ಒಂದು ನಾಯಿಗೆ ನಮ್ಮ ಹಿರಿಯರು ಮಾಡಿದ ಏರ್ಪಾಡನ್ನು ನಾವು ನಮ್ಮ ತಂದೆತಾಯಿಗಳಿಗೆ ಮಾಡಿಲ್ಲ. ಕಲ್ಲು ನೆಡುವುದು ಮಾತ್ರ ನೆನಪಿದೆ. ಗದ್ದೆ ಬಿಡುವುದು ಮರೆತಿದೆ.

ಮರೆವು ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ನಾಡಿನಿಂದ ದೂರದಲ್ಲಿ ಮಲಗಿರುವವರನ್ನು ನೆನೆಯಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಕುಟುಂಬವನ್ನು ವೇಲೂರಿನ ಕೋಟೆಗೆ ತಂದರು. 1806ರ ದಂಗೆಯ ನಂತರ ಮಕ್ಕಳನ್ನು ಕಲ್ಕತ್ತೆಗೆ ಸಾಗಿಸಿದರು. ಹಿಂದುಳಿದ ಹೆಂಗಸರು, ಬಂಧುಗಳು ವೇಲೂರಿನಲ್ಲಿಯೇ ಮಣ್ಣಾದರು. ಹೈದರನ ಪತ್ನಿಯ ಗೋರಿಯೂ ಅಲ್ಲಿದೆ. ನಮ್ಮಲ್ಲಿ ಎಷ್ಟು ಜನ ವೇಲೂರಿನ ಆಸ್ಪತ್ರೆಗೆ ಹೋಗಿಲ್ಲ? ಎಷ್ಟು ಜನ ಆ ಗೋರಿಗಳನ್ನು ನೋಡಿದ್ದೇವೆ? ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ; ಅವನ ಮಗಳು ಗೌರಮ್ಮ ಅಲ್ಲಿನ ಬ್ರಾಂಪ್ಟನ್ ಸ್ಮಶಾನದಲ್ಲಿದ್ದಾಳೆ. ಇತ್ತ ನಮ್ಮದೇ ಬೆಂಗಳೂರಿನಲ್ಲಿ 1791ರ ಮುತ್ತಿಗೆಯಲ್ಲಿ ಸತ್ತವರ ಸ್ಮಾರಕಸ್ತಂಭವನ್ನು 1964ರಲ್ಲಿ ಕೆಡವಿದರು. ಅವರು ನಮ್ಮ ಮೇಲೆ ದಂಡೆತ್ತಿ ಬಂದವರು, ನಿಜ. ಆದರೆ ಶ್ರೀರಂಗಪಟ್ಟಣದ ಹಳೆಯ ಸೈನಿಕ ಸ್ಮಶಾನ ಹಾಳುಬಿದ್ದಿದ್ದಾಗ ಅದನ್ನು ದುರಸ್ತಿ ಮಾಡಿಸಲು ಸ್ವಿಟ್ಜರ್ಲೆಂಡಿನಿಂದ ದ ಮ್ಯೂರೋನ್ ಮನೆತನದವರೇ ಬರಬೇಕಾಯಿತು ಎಂಬುದು ನನಗೆ ನಾಚಿಕೆಯ ಸಂಗತಿ. ಬೇರೆಯವರ ಸತ್ತವರನ್ನು ನಮ್ಮ ನೆಲದಲ್ಲಿ ಕಾಯದವರು, ನಮ್ಮ ಸತ್ತವರನ್ನು ಬೇರೆಯವರ ನೆಲದಲ್ಲಿ ಕಾಯಿರೆಂದು ಯಾವ ಬಾಯಿಂದ ಕೇಳೋಣ?

ಹಾಗಾದರೆ ಏನು ಮಾಡಬೇಕು? ನನ್ನ ಬಳಿ ದೊಡ್ಡ ಯೋಜನೆಯಿಲ್ಲ. ನಾಲ್ಕು ಸಣ್ಣ ಸೂಚನೆಗಳನ್ನು ಸಭೆಯ ಮುಂದಿಡುತ್ತೇನೆ.

ಮೊದಲು, ಒಂದು ದಾಖಲೆ ಪುಸ್ತಕ. ಈ ನಗರದಲ್ಲಿ ಕನ್ನಡ ಕುಟುಂಬಗಳ ಗೋರಿಗಳು ಎಲ್ಲೆಲ್ಲಿವೆ ಎಂಬುದನ್ನು ಬರೆದಿಡೋಣ. ಕ್ರೈಸ್ತರಿರಲಿ, ಮುಸಲ್ಮಾನರಿರಲಿ, ಲಿಂಗವಂತರಿರಲಿ, ಹೂಳುವ ಪದ್ಧತಿಯ ಬೇರೆ ಯಾವ ಜಾತಿಯವರೇ ಇರಲಿ, ಕನ್ನಡದವರೆಂದರೆ ಸಾಕು. ಹೆಸರು, ಊರು, ತೀರಿಕೊಂಡ ವರ್ಷ, ಗೋರಿಯ ಸಂಖ್ಯೆ, ರಶೀದಿಯ ನಕಲು. ಇಂಗ್ಲೆಂಡಿನಲ್ಲಿ 1976ರಲ್ಲಿ ಹುಟ್ಟಿದ ಒಂದು ಸಂಘ ದಕ್ಷಿಣ ಏಷ್ಯಾದ ಯೂರೋಪಿಯನ್ನರ ಗೋರಿಗಳಿಗಾಗಿ ಇದೇ ಕೆಲಸವನ್ನು ಮಾಡುತ್ತ ಬಂದಿದೆ. ನಮ್ಮ ಯುವಕರು ಕೈಯಲ್ಲಿರುವ ಫೋನಿನಿಂದಲೇ ಇದನ್ನು ಆರು ತಿಂಗಳಲ್ಲಿ ಮಾಡಬಲ್ಲರು.

ಎರಡನೆಯದು, ಒಂದು ನಿಧಿ. ಅದರ ಅಸಲನ್ನು ಮುಟ್ಟದೆ, ಬಡ್ಡಿಯಿಂದ ಮಾತ್ರ, ವಾರಸುದಾರರಿಲ್ಲದ ಗೋರಿಗಳ ಕಳೆ ಕೀಳಿಸಿ ಹೆಸರನ್ನು ಮತ್ತೆ ಕೊರೆಸಬೇಕು. ಎರಡು ಖಂಡುಗ ಗದ್ದೆಯ ಬದಲಿಗೆ ಇದು.

ಮೂರನೆಯದು, ನಗರಪಾಲಿಕೆಗೆ ಒಂದು ಮನವಿ. ಕುಳ್ಳಿರಿಸಿ ಸಮಾಧಿ ಮಾಡುವ ಪದ್ಧತಿಯವರಿಗೆ ಯಾವುದಾದರೂ ಒಂದು ಎತ್ತರದ ರುದ್ರಭೂಮಿಯಲ್ಲಿ, ನೀರೇಳದ ಮೂಲೆಯಲ್ಲಿ, ಸ್ವಲ್ಪ ಜಾಗವನ್ನು ಗೊತ್ತುಮಾಡಿಕೊಡಬೇಕೆಂದು ಕೇಳೋಣ. ಇದು ನಮ್ಮೊಬ್ಬರ ಬೇಡಿಕೆಯಲ್ಲ. ಈ ಪದ್ಧತಿಯುಳ್ಳ ತಮಿಳರೂ ತೆಲುಗರೂ ಇದ್ದಾರೆ. ಅವರೊಡನೆ ಸೇರಿಯೇ ಕೇಳೋಣ. ಒಂದು ಭಾಷೆಯ ಬೇಡಿಕೆಯಾಗಿ ಕೇಳಿದರೆ ರಾಜಕೀಯವಾಗುತ್ತದೆ. ಒಂದು ಅಗತ್ಯವಾಗಿ ಕೇಳಿದರೆ ಆಡಳಿತದ ವಿಷಯವಾಗುತ್ತದೆ.

ನಾಲ್ಕನೆಯದನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಬೇಕು. ಗುಣಿ ತೋಡುವವರನ್ನು, ಇಲ್ಲಿನವರು ವೆಟ್ಟಿಯಾನ್ ಎಂದು ಕರೆಯುವವರನ್ನು, ನಾವು ಸಾವಿನ ದಿನ ಮಾತ್ರ ನೋಡುತ್ತೇವೆ, ಅಂದೂ ಮುಖ ನೋಡುವುದಿಲ್ಲ. ತಲೆಮಾರುಗಳಿಂದ ಒಂದೇ ಜಾತಿಯ ಹೆಗಲ ಮೇಲೆ ಬಿದ್ದ ಕೆಲಸ ಅದು. ಸ್ಮಶಾನದ ಪಾಲನೆಯೆಂದರೆ ಕಲ್ಲಿನ ಪಾಲನೆ ಮಾತ್ರವಲ್ಲ. ನಮ್ಮ ನಿಧಿಯ ಮೊದಲ ಖರ್ಚು ಆ ಕೆಲಸಗಾರರ ಮಕ್ಕಳ ಓದಿಗೆ ಆಗಲಿ. ಆ ಮಕ್ಕಳು ಆ ಕೆಲಸಕ್ಕೆ ಬಾರದಂತಾಗಲಿ.

ಕನ್ನಡದಲ್ಲಿ ನಾವು ಸ್ಮಶಾನಕ್ಕೆ ಸುಡುಗಾಡು ಎನ್ನುತ್ತೇವೆ, ಹೂಳುವ ಜಾಗಕ್ಕೂ ಅದನ್ನೇ ಅನ್ನುತ್ತೇವೆ. ಇಲ್ಲಿನ ತಮಿಳರು ಸುಡುವ ಜಾಗಕ್ಕೆ ಸುಡುಕಾಡು, ಹೂಳುವ ಜಾಗಕ್ಕೆ ಇಡುಕಾಡು ಎಂದು ಬೇರೆ ಬೇರೆಯಾಗಿ ಹೇಳುತ್ತಾರೆ. ಇಡು ಎಂಬ ಮಾತು ನಮ್ಮದೂ ಹೌದು. ಇಟ್ಟದ್ದನ್ನು ಮತ್ತೆ ನೋಡಿಕೊಳ್ಳಬೇಕೆಂಬ ಅರ್ಥ ಅದರಲ್ಲಿದೆ ಎಂದು ನನಗನ್ನಿಸುತ್ತದೆ. ದೀಪ ಇಡುತ್ತೇವೆ, ಗಂಟು ಇಡುತ್ತೇವೆ, ಹೆಸರು ಇಡುತ್ತೇವೆ. ಯಾವುದನ್ನೂ ಇಟ್ಟು ಮರೆಯುವುದಿಲ್ಲ.

ಆ ತಾಯಿ ಗಾಡಿ ಹತ್ತುವಾಗ ಹೇಳಿದ ಮಾತಿಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಮುಂದಿನ ಸಲ ಈ ಊರಿನಲ್ಲಿ ಯಾವುದಾದರೂ ಕನ್ನಡದ ಮನೆಯಲ್ಲಿ ಅಂತಹ ದಿನ ಬಂದಾಗ, ರಾತ್ರಿಯಿಡೀ ಗಾಡಿ ಓಡಿಸಬೇಕಾದ ಅವಶ್ಯಕತೆ ಇರಬಾರದು. ಊರಿಗೆ ಹೋಗಲೇಬೇಕೆಂಬ ಇಚ್ಛೆಯಿದ್ದವರು ಹೋಗಲಿ, ಅದು ಬೇರೆ ಮಾತು. ಇಲ್ಲಿಯೇ ಇರಬೇಕೆಂದವರಿಗೆ ಇಲ್ಲಿ ಆರಡಿ ನೆಲವೋ, ಆಳವಾದ ಒಂದು ಗುಣಿಯೋ ಸಿಗಲಿ. ವರ್ಷಕ್ಕೊಮ್ಮೆ ಅಲ್ಲಿ ಕಸ ಗುಡಿಸಿ, ಹೆಸರನ್ನು ಓದುವ ಒಬ್ಬರಾದರೂ ಇರಲಿ. ಇಷ್ಟನ್ನು ಈ ಸಂಘ ಮಾಡಬಲ್ಲದೆಂದು ನಾನು ನಂಬಿದ್ದೇನೆ.